ಇಸ್ತ್ರಿ ಪೆಟ್ಟಿಗೆಯಂಥ ರಾಕೆಟ್ಟು

ಅವರ ಬಲಗೈಯ ಮೂರು ಬೆರಳುಗಳ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಕತ್ತಲೆ ಕೋಣೆಯಲ್ಲಿ ತಟ್ಟೆಯೊಳಗಿನ ದ್ರಾವಣಕ್ಕೆ ಫೋಟೋ ಕಾಗದ ಅದ್ದಿ, ಅಲುಗಿಸಿ, ಎತ್ತಿ ಹಿಡಿದೂ ಹಿಡಿದೂ ಬಂದ ಕಲೆ ಅದು. ಸೀಗೆಪುಡಿಗೂ ಹೋಗಲಿಲ್ಲ, ಹುಣಿಸೆಹಣ್ಣಿಗೂ ಹೋಗಲಿಲ್ಲ. ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕೂತರೆ ಪಕ್ಕದವರು ಆ ಬೆರಳುಗಳನ್ನು ನೋಡಿ ಎಲೆಯನ್ನು ಅಷ್ಟು ಆಚೆಗೆ ಎಳೆದುಕೊಳ್ಳುತ್ತಿದ್ದರಂತೆ. “ಕೈ ತೊಳ್ಕೊಂಡೇ ಬಂದಿದೀನಿ ಸ್ವಾಮಿ. ಇದು ನಿಮ್ಮಗಳ ಮುಖದ್ದೇ ಬಣ್ಣ,” ಎಂದು ಹೇಳಿ ಅವರು ಊಟ ಮುಂದುವರಿಸುತ್ತಿದ್ದರು.

ಅರಕಲಗೂಡಿನ ಪೇಟೆಬೀದಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಹಿಂದೆ ಮನೆ, ಮುಂದೆ ಅಂಗಡಿ, ನಡುವೆ ಕತ್ತಲೆ ಕೋಣೆ. ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿನ ಕಾಲೇಜಿಗೆ ಇತಿಹಾಸ ಉಪನ್ಯಾಸಕಿಯಾಗಿ ಹೊಳೆನರಸೀಪುರದಿಂದ ಬಂದಾಗ ನನಗೆ ಆ ಊರಲ್ಲಿ ಗುರುತಿನವರು ಯಾರೂ ಇರಲಿಲ್ಲ. ನೌಕರಿಯ ದಾಖಲೆಗೆ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಬೆವರುತ್ತಾ ಕೂತಿದ್ದವಳಿಗೆ ಅವರು ಕ್ಯಾಮೆರಾದ ಕರಿಬಟ್ಟೆಯೊಳಗಿಂದಲೇ, “ಗಲ್ಲ ಸ್ವಲ್ಪ ಮೇಲೆ ಮೇಡಂ. ಯಾರೋ ಮೇಲಿಂದ ಇಳಿದು ಬರ್ತಿದಾರೆ ಅಂದ್ಕೊಳ್ಳಿ,” ಎಂದರು. ಯಾರು ಸರ್ ಎಂದು ಕೇಳಿದೆ. ಕೇಳಬಾರದಿತ್ತು. ಕರಿಬಟ್ಟೆಯಿಂದ ತಲೆ ಹೊರತೆಗೆದು ಸುಮಾರು ಅರ್ಧ ಗಂಟೆ ರಾಕೆಟ್ಟಿನ ವಿಷಯ ಹೇಳಿದರು. ಅಷ್ಟರಲ್ಲಿ ಬೆಳಕಿನ ಬಿಸಿಗೆ ನನ್ನ ಕುಂಕುಮ ಇಳಿದುಹೋಗಿತ್ತು.

ಅವರದು ದೇವಸ್ಥಾನದ ಅರ್ಚಕರ ಮನೆತನ. ಅಣ್ಣಂದಿರು ಪೂಜೆಗೆ ನಿಂತರು, ಇವರು ಕ್ಯಾಮೆರಾ ಹಿಡಿದರು. ಸುತ್ತಲಿನ ಹಳ್ಳಿಯವರಿಗೆಲ್ಲ ಇವರೂ ‘ಐನೋರು’. ರಾಕೆಟ್ಟಿನ ಹುಚ್ಚು ಹತ್ತಿದ್ದು ಹಾಸನದ ಒಂದು ಮದುವೆಯಲ್ಲಿ. ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಬೋಗುಣಿಗಳನ್ನು ಆಕಾಶಕ್ಕೆ ಒಡ್ಡಿಕೊಂಡು ಕೂತಿರುವ ಉಪಗ್ರಹ ಕೇಂದ್ರವಿದೆಯಲ್ಲ, ಅಲ್ಲಿನ ಎಂಜಿನಿಯರೊಬ್ಬರ ಮಗಳ ಮದುವೆ. ಊಟಕ್ಕೆ ಕೂತಾಗ ಆ ಎಂಜಿನಿಯರು ಮಾತಿಗೆ ಮಾತು ಬಂದು, ಒಂದು ಉಪಗ್ರಹ ಮೇಲೆ ಕಳಿಸಿದ ರಾಕೆಟ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಸಮುದ್ರಕ್ಕೆ ಬಿದ್ದು ಹೋಗುತ್ತದೆ ಎಂದರಂತೆ. ಇವರಿಗೆ ಅದನ್ನು ನಂಬಲು ಆಗಲಿಲ್ಲ. ಅಷ್ಟು ಜನ ಅಷ್ಟು ವರ್ಷ ಕೂತು ಕಟ್ಟಿದ್ದನ್ನು ಒಂದೇ ಸಲ ಹಾರಿಸಿ ಎಸೆಯುವುದು ಎಂದರೇನು?

“ನಮ್ಮ ಫ್ಲ್ಯಾಶ್ ಬಲ್ಬಿನ ಕಥೇನೇ ಅದು,” ಎಂದು ಅವರು ವಿವರಿಸುತ್ತಿದ್ದರು. “ನಾನು ಈ ಕಸಬಿಗೆ ಬಂದಾಗ ಒಂದು ಫೋಟೋಗೆ ಒಂದು ಬಲ್ಬು. ಪಟ್ ಅಂತ ಸುಟ್ಟುಹೋಗೋದು, ತೆಗೆದು ಎಸೀಬೇಕು. ಆವಾಗ ಯಾರ ಮದುವೆಗೆ ಫೋಟೋ ತೆಗೆಸ್ತಿದ್ರು? ಪಟೇಲರ ಮನೇದು, ಶಾನುಭೋಗರ ಮನೇದು. ಬ್ಯಾಟರಿ ಫ್ಲ್ಯಾಶ್ ಬಂತು ನೋಡಿ, ಹೊಡೆದಷ್ಟೂ ಹೊಡೀಬಹುದು. ಅವತ್ತಿಂದ ಕೂಲಿಯವರ ಮಗಳ ಮದುವೇಲೂ ಆಲ್ಬಂ. ರಾಕೆಟ್ಟೂ ಹಂಗೇ. ಹೋಗಿದ್ದು ಇಡಿಯಾಗಿ ವಾಪಸ್ ಬರ್ಲಿ, ಆಮೇಲೆ ಯಾರು ಬೇಕಾದ್ರೂ ಹತ್ತಬಹುದು.”

ಅಮೆರಿಕದಲ್ಲಿ ಅಂಥದ್ದೊಂದು ತಯಾರಾಗುತ್ತಿದೆ ಎಂಬ ಸುದ್ದಿ ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಒಂದು ಚೂರನ್ನೂ ಉದುರಿಸದೆ ಮೇಲಕ್ಕೆ ಹೋಗಿ, ವಿಮಾನದಂತೆ ನೆಲಕ್ಕಿಳಿದು, ಮತ್ತೆ ಹೋಗುವ ಹೊಸ ರಾಕೆಟ್ಟು. ಮೊದಲು ಅದರ ಅರ್ಧ ಅಳತೆಯದನ್ನು ಮಾಡಿ ಜನರೆದುರು ತಂದು ತೋರಿಸುತ್ತಾರೆ, ಹಾರಿಸುತ್ತಾರೆ ಎಂದು ಬರೆದಿದ್ದರು. ಚನ್ನರಾಯಪಟ್ಟಣದ ಒಬ್ಬ ಭೌತಶಾಸ್ತ್ರದ ಉಪನ್ಯಾಸಕರು, ಹೋಗಿ ಬರುವ ನೌಕೆ ಅಮೆರಿಕದವರಲ್ಲಿ ಈಗಾಗಲೇ ಇದೆಯಲ್ಲ ಎಂದು ವಾದಿಸಿದರೆ ಇವರು, “ಅದು ಬರೋದು ಮುಕ್ಕಾಲು ಪಾಲು ಸ್ವಾಮಿ, ದೊಡ್ಡ ಟ್ಯಾಂಕನ್ನ ಎಸೆದೇ ಬರುತ್ತೆ,” ಎನ್ನುತ್ತಿದ್ದರು. ಅವರು ಹೇಳುವುದೆಲ್ಲ ಸರಿಯಾಗಿರುತ್ತಿತ್ತು ಎಂದೇನಿಲ್ಲ. ಲೆಕ್ಕ ಅವರಿಗೆ ಬಾರದು. ಹತ್ತು ವರ್ಷದಲ್ಲಿ ಹಾಸನದ ಬಸ್ಸಿಗೆ ಟಿಕೆಟ್ ಕೊಟ್ಟ ಹಾಗೆ ರಾಕೆಟ್ಟಿಗೂ ಕೊಡುತ್ತಾರೆ ಎಂದು ನಂಬಿದ್ದರು. ಉಪನ್ಯಾಸಕರು ನಕ್ಕರೆ ತಾವೂ ನಗುತ್ತಿದ್ದರು, ನಂಬಿಕೆಯನ್ನೇನೂ ಬಿಡುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಸ್ಟುಡಿಯೋದ ಬೆಂಚುಗಳ ಮೇಲೆ ನಮ್ಮ ಕೂಟ. ಚೆನ್ನಾಗಿ ನಡೆದ ದಿನಗಳಲ್ಲಿ ಹತ್ತು ಹನ್ನೆರಡು ಜನ ಸೇರಿದ್ದುಂಟು. ತಪ್ಪದೆ ಬರುತ್ತಿದ್ದವರು ಹಳೇಕೋಟೆಯ ಗೌಡರು. ಹಬ್ಬಕ್ಕೆ ಸಿಂಗರಿಸಿದ ತಮ್ಮ ಜೋಡಿ ಎತ್ತಿನ ಫೋಟೋ ತೆಗೆಸಬೇಕೆಂದು ಕೇಳಿಕೊಂಡು ಬಂದವರು, ಬೆಂಚಿನ ಮೇಲೆ ಕೂತು ರಾಕೆಟ್ಟಿನ ಮಾತು ಕೇಳಿ, ಮುಂದಿನ ಭಾನುವಾರವೂ ಮೊಪೆಡ್ ಹತ್ತಿ ಬಂದರು. ಓದು ಅಷ್ಟಕ್ಕಷ್ಟೆ. ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, “ಕೇಳಕ್ ಚೆಂದಾಗೈತೆ ಕಣವ್ವ. ಎಲ್ರೂ ವಾಜ್ಯ, ಕರೆಂಟು ಅಂತ ಮಾತಾಡ್ತರೆ. ಐನೋರೊಬ್ರೇ ಮೇಲಿನ್ ಮಾತಾಡದು,” ಎಂದರು.

ಕೂಟಕ್ಕೆ ಕಾಫಿ ಕೊಡುತ್ತಿದ್ದವರು ಅವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಸ್ಟುಡಿಯೋದ ಅರ್ಧ ಕಸಬು ಅಕ್ಕನದೇ. ಕಿಟಕಿಯ ಬಳಿ ಇಳಿಜಾರು ಮೇಜಿಟ್ಟುಕೊಂಡು, ಚೂಪಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕೆ ಚುಕ್ಕೆ ಇಟ್ಟು, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ತೆಗೆಯುತ್ತಿದ್ದರು. ಆ ಕೈಯಿಂದ ಎಷ್ಟು ಹೆಣ್ಣುಮಕ್ಕಳಿಗೆ ಗಂಡು ಗೊತ್ತಾಯಿತೋ. ಬಣ್ಣದ ಫೋಟೋ ಬಂದಮೇಲೆ ಆ ಪೆನ್ಸಿಲಿಗೆ ಕೆಲಸ ಕಡಿಮೆಯಾಗುತ್ತಾ ಬಂತು. ಎದುರು ಸಾಲಿನಲ್ಲಿ ಹೊಸ ಕಲರ್ ಸ್ಟುಡಿಯೋ ತೆರೆಯಿತು. ನಾವೂ ಕಲರ್ ಯಂತ್ರ ಹಾಕಿಸೋಣ ಎಂದು ಅಕ್ಕ ಹೇಳಿದಾಗಲೆಲ್ಲ ಅವರ ಉತ್ತರ ಒಂದೇ: “ಆ ರಾಕೆಟ್ಟೊಂದು ಹೊರಗೆ ಬರ್ಲಿ ಕಣೇ. ಆಮೇಲೆ ಮಾಡೋಣ.”

“ಅದು ಅಮೆರಿಕದಲ್ಲಿ ಹೊರಗೆ ಬಂದ್ರೆ ಅರಕಲಗೂಡಿನಲ್ಲಿ ಯಾಕೆ ಕಾಯ್ಬೇಕು?” ಎಂದು ಅಕ್ಕ ಕೇಳಿದರೆ ಅವರು ಕತ್ತಲೆ ಕೋಣೆಗೆ ಹೋಗಿಬಿಡುತ್ತಿದ್ದರು.

ಯಂತ್ರ ತರುವ ಬದಲು ಅವರು ಹೊಸ ಪರದೆ ಬರೆದರು. ಫೋಟೋ ತೆಗೆಸುವವರ ಹಿಂದೆ ಇಳಿಬಿಡುವ ಪರದೆಗಳಲ್ಲಿ ಕೊಳ, ಕಮಾನು, ಬಾಳೆಗಿಡ ಇರುತ್ತಿದ್ದವು. ಈಗ ಅವುಗಳ ಜೊತೆಗೆ ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ ಬರೆದ ರಾಕೆಟ್ಟು. ಅದು ರಾಕೆಟ್ಟಿನ ಹಾಗಿರಲಿಲ್ಲ. ಮುಂದೆ ಮೊನೆ, ಹಿಂದೆ ಅಗಲ, ಕೆಳಗೆ ಚಪ್ಪಟೆ, ಎರಡು ಪಕ್ಕ ಪುಟ್ಟ ರೆಕ್ಕೆ. ಒಂದು ಸಲ ಕಮಾನಿನ ಪರದೆ ಒಗೆಯಲು ಹೋಗಿದ್ದಾಗ ಮಲ್ಲಿಪಟ್ಟಣದ ಕಡೆಯ ಹೆಣ್ಣೊಬ್ಬಳ ಫೋಟೋವನ್ನು ಇದರ ಮುಂದೆಯೇ ತೆಗೆದುಬಿಟ್ಟರು, ಗಂಡಿನವರಿಗೆ ಕಳಿಸಲು. ಹುಡುಗಿಯ ಅಪ್ಪ ಫೋಟೋ ಹಿಡಿದುಕೊಂಡು ವಾಪಸ್ ಬಂದ.

“ಐನೋರೆ, ಗಂಡಿನ್ ಕಡೆಯೋರು ಕೇಳ್ತಾವ್ರೆ, ಉಡುಗಿ ಮನೇಲಿ ಬಟ್ಟೆ ಇಸ್ತ್ರಿ ಮಾಡ್ತರಾ ಅಂತವ. ಮಗಿ ತಲೆ ಮ್ಯಾಲೆ ಇಸ್ತ್ರಿ ಪೆಟ್ಗೆ ಯಾಕ್ ಸಾ ಇಟ್ರಿ?”

ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಕ್ಕಿದ್ದು ನನಗೆ ಮಹಡಿಗೂ ಕೇಳಿಸಿತು. ಅವರ ನಗು ನಾನು ಕೇಳಿದ್ದು ಕಡಿಮೆ. ಕೊನೆಗೆ ಅವರೇ ಪೆನ್ಸಿಲು ಹಿಡಿದು ಇಡೀ ರಾಕೆಟ್ಟನ್ನು ಮೋಡ ಮಾಡಿ ಕೊಟ್ಟರು. ಆ ಮದುವೆ ನಡೆಯಿತು.

ಆ ದಿನಗಳಲ್ಲಿ ಐನೋರು ಸ್ಲೈಡುಗಳ ಪೆಟ್ಟಿಗೆ ಹೊತ್ತು ಶಾಲೆಗಳಿಗೂ ಹೋಗುತ್ತಿದ್ದರು. ಚನ್ನರಾಯಪಟ್ಟಣದ ಒಂದು ಶಾಲೆಗೆ ನಾನೂ ಜೊತೆಗೆ ಹೋಗಿದ್ದೆ. ಎಲ್ಲ ಕೇಳಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ವಾಪಸ್ ಬಂದು ಏನ್ಮಾಡುತ್ತೆ ಸಾ?” ಎಂದಳು. “ಮತ್ತೆ ಹೋಗುತ್ತಮ್ಮ,” ಎಂದರು. “ಮತ್ತೆ ಹೋಗಿ?” ಎಂದಳು. ತರಗತಿ ಗೊಳ್ಳೆಂದಿತು. ಅವರು ನಗಲಿಲ್ಲ. ಬಸ್ಸಿನಲ್ಲಿ ಹೊಳೆನರಸೀಪುರ ದಾಟುವವರೆಗೂ ಯೋಚನೆ ಮಾಡುತ್ತಲೇ ಇದ್ದು, “ಆ ಮಗು ಕೇಳಿದ್ದು ಸರಿಯಾಗಿದೆ ಮೇಡಂ. ನನಗೆ ಹೇಳಕ್ಕೆ ಬರ್ಲಿಲ್ಲ,” ಎಂದರು.

ಅಮೆರಿಕದ ರಾಕೆಟ್ಟಿನ ಅನಾವರಣದ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಈ ವರ್ಷ ಎಂದರು, ಬರುವ ವರ್ಷ ಎಂದರು. ಸ್ಟುಡಿಯೋ ಮುಂದಿನ ಕಪ್ಪು ಹಲಗೆಯ ಮೇಲೆ ‘ಹೊಸ ರಾಕೆಟ್ಟಿನ ಅನಾವರಣ, ಶೀಘ್ರದಲ್ಲೇ’ ಎಂದು ಇವರು ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆ ಬಂದರೆ ಅಳಿಸುತ್ತಿತ್ತು, ಮತ್ತೆ ಬರೆಯುತ್ತಿದ್ದರು. ಹಾದುಹೋಗುವವರು, “ಏನ್ ಐನೋರೆ, ಬಂತಾ?” ಎನ್ನುವುದು ಊರಿನಲ್ಲಿ ಒಂದು ಮಾತೇ ಆಗಿಹೋಯಿತು. ಆಮೇಲೊಂದು ದಿನ ಅದರ ಇಂಧನದ ಟ್ಯಾಂಕು ಪರೀಕ್ಷೆಯಲ್ಲಿ ಸೀಳಿತೆಂದು ಸುದ್ದಿ ಬಂತು. ಹೊಸ ಟ್ಯಾಂಕು ಮಾಡುತ್ತಾರೆ ಎಂದು ಅವರು ಕೂಟದಲ್ಲಿ ಹೇಳಿದರು. ಎರಡು ಸಲ ಹೇಳಿದರು.

ಯೋಜನೆಯನ್ನೇ ಕೈಬಿಟ್ಟ ಸುದ್ದಿ ಓದಿದ್ದು ನಾನು, ಬಸ್ ಸ್ಟ್ಯಾಂಡಿನಲ್ಲಿ. ಇಂಗ್ಲಿಷ್ ಪತ್ರಿಕೆಯ ಒಳಪುಟದ ಕೆಳಮೂಲೆಯಲ್ಲಿ ನಾಲ್ಕೇ ಸಾಲು. ಕಾಲೇಜಿಗೆ ಹೋಗದೆ ಸ್ಟುಡಿಯೋಗೆ ವಾಪಸ್ ಬಂದೆ. ಅವರು ಕತ್ತಲೆ ಕೋಣೆಯಲ್ಲಿದ್ದರು. ಬಾಗಿಲ ಬಳಿ ಹೋದವಳನ್ನು ಅಕ್ಕ ತಡೆದು, “ತೆಗೀಬೇಡಿ, ಕಾಗದ ಹಾಳಾಗುತ್ತೆ. ಏನು ಹೇಳಿ,” ಎಂದರು. ನಾನು ಪತ್ರಿಕೆ ತೋರಿಸಿದೆ. ಅಕ್ಕನಿಗೆ ಇಂಗ್ಲಿಷ್ ಬರದು. ಆದರೂ ನನ್ನ ಮುಖ ನೋಡಿ ತಿಳಿದುಕೊಂಡರು.

“ರೀ,” ಎಂದು ಬಾಗಿಲ ಹೊರಗಿಂದಲೇ ಕೂಗಿದರು. “ನಿಮ್ಮ ರಾಕೆಟ್ಟು ನಿಲ್ಲಿಸಿಬಿಟ್ರಂತೆ.”

ಒಳಗೆ ನೀರು ಬೀಳುವ ಸದ್ದು ನಿಂತಿತು. “ಇರು. ಫೋಟೋ ನೀರಲ್ಲಿದೆ,” ಎಂಬ ದನಿ ಬಂತು. ನಾವಿಬ್ಬರೂ ಹೊರಗೆ ನಿಂತೆವು. ಬಹಳ ಹೊತ್ತಾಯಿತು. ಅಕ್ಕ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು, ತೆಗೆಯಲಿಲ್ಲ. ಕೊನೆಗೆ ಅವರು ಯಾರದೋ ಪಾಸ್‌ಪೋರ್ಟ್ ಅಳತೆಯ ಒದ್ದೆ ಫೋಟೋಗಳನ್ನು ಹಿಡಿದುಕೊಂಡು ಹೊರಗೆ ಬಂದು, ದಾರಕ್ಕೆ ಒಂದೊಂದಾಗಿ ಕ್ಲಿಪ್ ಹಾಕಿದರು. “ಟ್ಯಾಂಕು ಸೀಳಿದಾಗ್ಲೇ ನನಗೆ ಗೊತ್ತಾಗಿತ್ತು ಮೇಡಂ. ಹೇಳೋಕೆ ಮನಸ್ಸು ಬರ್ಲಿಲ್ಲ,” ಎಂದರು. ಆಮೇಲೆ ಹೊರಗೆ ಹೋಗಿ ಪಂಚೆಯ ತುದಿಯಿಂದ ಹಲಗೆಯನ್ನು ಒರೆಸಿದರು.

ಕೂಟ ಕರಗುತ್ತಾ ಬಂತು. ಮುಂದೆ ಎರಡು ವರ್ಷಕ್ಕೆ ಅಮೆರಿಕದ ಆ ಹಳೆಯ ನೌಕೆಯೂ ಮನೆಗೆ ಮರಳುವಾಗ ಆಕಾಶದಲ್ಲೇ ಚೂರಾಗಿ ಒಳಗಿದ್ದವರೆಲ್ಲ ತೀರಿಕೊಂಡಾಗ, ಉಪನ್ಯಾಸಕರು ಬರುವುದನ್ನು ನಿಲ್ಲಿಸಿದರು. “ಇದರಲ್ಲೇ ಅಲ್ವೇನ್ರೀ ನೀವು ಕೂಲಿಯವರನ್ನೂ ಕೂರಿಸ್ತೀನಿ ಅಂದಿದ್ದು?” ಎಂದು ಅವರು ಹೊರಡುವಾಗ ಅಂದ ಮಾತಿಗೆ ಐನೋರು ತಲೆ ತಗ್ಗಿಸಿಕೊಂಡು ಕೂತರು. ಆ ಭಾನುವಾರ ಉಳಿದವರು ಗೌಡರು, ನಾನು. ಅಕ್ಕ ಕಾಫಿ ತಂದಿಟ್ಟರು, ತಾವೂ ಬೆಂಚಿನ ತುದಿಯಲ್ಲಿ ಕೂತರು. ಹಾಗೆ ಅವರು ನಮ್ಮ ಜೊತೆ ಕೂತಿದ್ದು ಅದೊಂದೇ ಸಲ.

ಕಲರ್ ಯಂತ್ರ ಬರಲೇ ಇಲ್ಲ. ತರಬೇಕೆಂದುಕೊಳ್ಳುವ ಹೊತ್ತಿಗೆ ಅದಕ್ಕೂ ಕಾಲ ಮುಗಿದು, ಕಂಪ್ಯೂಟರಿನಲ್ಲಿ ಫೋಟೋ ತೆಗೆದು ಅಲ್ಲೇ ಕೊಡುವವರು ಬಂದಿದ್ದರು. ಅಕ್ಕನ ಇಳಿಜಾರು ಮೇಜಿನ ಮೇಲೆ ಹಪ್ಪಳದ ಡಬ್ಬಿ ಬಂದು ಕೂತಿತು. ಐನೋರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇತ್ತು, ಪಥ್ಯ ಇರಲಿಲ್ಲ. ಕಣ್ಣಿನ ಹಿಂದೆ ರಕ್ತ ಒಸರಿದೆ ಎಂದು ಹಾಸನದ ವೈದ್ಯರು ಹೇಳಿದಾಗ ತಡವಾಗಿತ್ತು. “ನಡುವೆ ಹೊಗೆ, ಅಂಚಲ್ಲಿ ಮಾತ್ರ ಬೆಳಕು. ಲೆನ್ಸಿಗೆ ಬೂಷ್ಟು ಹಿಡಿದ ಹಾಗೆ,” ಎಂದು ನನಗೆ ವಿವರಿಸಿದರು. ಪತ್ರಿಕೆಯನ್ನು ನಾನು ಓದಿ ಹೇಳುತ್ತಿದ್ದೆ. ಮೊದಲು ಒಳಪುಟ, ಆಮೇಲೆ ಉಳಿದದ್ದು.

ಹಾಗೆ ಓದುತ್ತಿದ್ದಾಗಲೇ ನಮ್ಮ ದೇಶದವರೂ ರೆಕ್ಕೆಯಿರುವ, ಹೋಗಿ ಬರುವ ಒಂದನ್ನು ಮಾಡಲು ಹೊರಟಿದ್ದಾರೆ ಎಂಬ ಸುದ್ದಿ ಕಂಡಿದ್ದು. ಅವರ ಮುಖ ನೋಡಬೇಕಿತ್ತು. ಅದೇ ತಿಂಗಳು ಗೌಡರು ಹಾಸನದಿಂದ ಒಂದು ಕರಪತ್ರ ತಂದರು. ಯಾವುದೋ ಸಂಘದವರ ವಿಜ್ಞಾನ ವಸ್ತುಪ್ರದರ್ಶನ, ಅದರಲ್ಲಿ ‘ಹೋಗಿ ಮರಳುವ ನೂತನ ರಾಕೆಟ್ಟಿನ ಮಾದರಿಯ ಅನಾವರಣ’.

“ಹೋಗೋಣ,” ಎಂದರು ಅವರು.

“ಕಣ್ಣು ಕಾಣಲ್ಲ, ಹೋಗಿ ಏನು ನೋಡ್ತೀರಿ?” ಎಂದರು ಅಕ್ಕ.

“ಅಂಚಲ್ಲಿ ಕಾಣುತ್ತೆ ಕಣೇ. ಸ್ವಲ್ಪ ಓರೆಯಾಗಿ ನಿಂತ್ಕೋತೀನಿ.”

ಅಕ್ಕ ಒಗೆದ ಬಿಳಿ ಷರ್ಟು ತೆಗೆದುಕೊಟ್ಟರು. ಗೌಡರು, ಅವರು, ನಾನು, ಮೂವರೂ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದೆವು. ಮೈದಾನದಲ್ಲಿ ಶಾಮಿಯಾನ, ಮೈಕು, ಶಾಲೆಗಳ ಮಕ್ಕಳು. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಬಿಸಿಲಿನಲ್ಲಿ ಅವರು ಕುರ್ಚಿಯ ಅಂಚಿಗೆ ಕೂತು, ಪಕ್ಕದ ಅಪರಿಚಿತರಿಗೆಲ್ಲ ಫ್ಲ್ಯಾಶ್ ಬಲ್ಬಿನ ಕಥೆ ಹೇಳಿದರು. ಅಷ್ಟು ಗೆಲುವಾಗಿ ಅವರು ಮಾತಾಡಿದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು.

ಅಂತೂ ಅತಿಥಿಗಳು ಬಂದರು, ಹಳದಿ ಬಟ್ಟೆ ಎಳೆದರು, ಚಪ್ಪಾಳೆ ಬಿತ್ತು. ಬಟ್ಟೆಯ ಕೆಳಗಿದ್ದುದು ಥರ್ಮೋಕೋಲಿನಲ್ಲಿ ಮಾಡಿ ಬಿಳಿ ಬಣ್ಣ ಬಳಿದ ಆಳೆತ್ತರದ ಕೊಳವೆ. ತುದಿಯಲ್ಲಿ ಮೊನೆ. ದೀಪಾವಳಿಯ ರಾಕೆಟ್ಟು ದೊಡ್ಡದಾದ ಹಾಗೆ. ಸಂಘದವರು ಶಾಮಿಯಾನದವನ ಕೈಲಿ ಮಾಡಿಸಿದ್ದರೆಂದು ಆಮೇಲೆ ತಿಳಿಯಿತು. ಕರಪತ್ರ ಬರೆದವರಿಗೂ ಮಾದರಿ ಮಾಡಿದವನಿಗೂ ಮಾತೇ ಆಗಿರಲಿಲ್ಲ.

“ರೆಕ್ಕೆ ಇದೆಯಾ?” ಎಂದು ಅವರು ತಲೆ ಓರೆ ಮಾಡಿ ಕೇಳಿದರು.

ನಾನು ಗೌಡರ ಕಡೆ ತಿರುಗಿದೆ. ಗೌಡರು ನನ್ನ ಮುಖ ನೋಡಿ, “ಐತೆ ಐನೋರೆ,” ಎಂದರು. “ಎಲ್ಡೂ ಕಡೀಕೂ ಐತೆ. ಗರುಡನ್ ರೆಕ್ಕೆ ಇದ್ದಂಗೆ.”

“ಕೆಳಗೆ ಚಪ್ಪಟೆ?”

“ಚಪ್ಪಟೇನೇ.”

“ಚಕ್ರ ಇಟ್ಟಿದಾರಾ ಇಳಿಯೋದಕ್ಕೆ?”

ಗೌಡರು ಕೊಳವೆಯ ಬುಡದ ಕಡೆ ನೋಡಿದರು. “ಮೂರವೆ,” ಎಂದರು.

“ಹತ್ರ ಕರ್ಕೊಂಡು ಹೋಗಿ ನನ್ನ,” ಎಂದರು ಅವರು. ಜನ ಬಾಳ ಅವ್ರೆ ಐನೋರೆ, ಆಮ್ಯಾಕೆ ಓಗನ ಎಂದು ಗೌಡರು ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಕೈ ಹಿಡಿದು ಎದ್ದೇಬಿಟ್ಟರು. ಹಗ್ಗದ ಬಳಿ ನಿಂತಿದ್ದ ಸ್ವಯಂಸೇವಕ, ವಯಸ್ಸಾದವರೆಂದು ಬಿಟ್ಟ. ಅವರು ಎರಡೂ ಕೈ ಚಾಚಿ ಅದನ್ನು ಮುಟ್ಟಿದರು. ಬೆರಳುಗಳು ನಿಧಾನವಾಗಿ ಕೊಳವೆಯ ಸುತ್ತ ಹೋದವು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬಗ್ಗಿ ಬುಡದವರೆಗೂ ಸವರಿದರು. ಬುಡದಲ್ಲಿ ಹೊಗೆ ಕಾಣಿಸಲೆಂದು ಅಂಟಿಸಿದ್ದ ಹತ್ತಿ ಒಂದಿಷ್ಟು ಅವರ ಕೈಗೆ ಬಂತು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು.

ಆಮೇಲೆ ನೆಟ್ಟಗಾಗಿ, “ಗೌಡ್ರೇ, ನೀವು ತುಂಬ ಒಳ್ಳೆಯವ್ರು,” ಎಂದರು. “ಆದ್ರೆ ಇದು ಬೀಳೋ ಜಾತಿಯದು.”

ಗೌಡರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ತೆಪ್ಪಾಯ್ತು ಐನೋರೆ,” ಎಂದರು. “ನಿಮ್ದೇನು ತಪ್ಪು, ನಡೀರಿ,” ಎಂದು ಐನೋರು ಗೌಡರ ಹೆಗಲು ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಊರು ಬರುವವರೆಗೂ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ಹೇಗಿತ್ತು ಎಂದು ಅಕ್ಕ ಬಾಗಿಲಲ್ಲಿ ಕೇಳಿದಾಗ, “ಬಿಸಿಲು ಜಾಸ್ತಿ,” ಎಂದು ಒಳಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕಾಲಿನ ಒಂದು ಹುಣ್ಣು ಮಾಯದೆ ಮೇಲಕ್ಕೇರಿತು. ಹಾಸನದ ಆಸ್ಪತ್ರೆಯಲ್ಲಿ ಪಾದ ತೆಗೆದರು, ಅದೂ ಸಾಲಲಿಲ್ಲ. ನಾನು ಸಂಜೆ ಕಾಲೇಜು ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆ. ಕೊನೆಯ ಸಲ ಹೋದಾಗಲೂ ಎಂದಿನಂತೆ ಪತ್ರಿಕೆ ಬಿಡಿಸಿ ಒಳಪುಟ ತಿರುವಿದೆ. ಕಾಗದದ ಸದ್ದಿಗೆ ಅವರು ಕೈ ಎತ್ತಿದರು.

“ಅದು ಬೇಡ ಮೇಡಂ. ಮೊದಲನೇ ಪುಟಾನೇ ಓದಿ. ಕರೆಂಟು ಎಲ್ಲೆಲ್ಲಿ ತೆಗೀತಾರಂತೆ ನೋಡಿ.”

ಓದಿದೆ. ಯಾವ ಯಾವ ಬಡಾವಣೆ, ಎಷ್ಟರಿಂದ ಎಷ್ಟರವರೆಗೆ, ಎಲ್ಲ ಓದಿದೆ. ಅವರು ಗಮನವಿಟ್ಟು ಕೇಳಿಸಿಕೊಂಡರು. ಆ ವಾರವೇ ಹೋದರು. ಗೌಡರು ಹಳೇಕೋಟೆಯಿಂದ ಟ್ರ್ಯಾಕ್ಟರಿನಲ್ಲಿ ಸೌದೆ ತಂದಿದ್ದರು. ಅಣ್ಣನ ಮಗ ಬೆಂಕಿ ಕೊಟ್ಟ.

ಅಂಗಡಿ ಈಗ ಮೊಬೈಲ್ ರೀಚಾರ್ಜ್ ಮಾಡುವವರದು. ಅಕ್ಕ ಚನ್ನರಾಯಪಟ್ಟಣದಲ್ಲಿ ತಮ್ಮನ ಮನೆಗೆ ಹೋದರು. ಪರದೆಗಳನ್ನು ಯಾರು ತೆಗೆದುಕೊಂಡರೋ ನನಗೆ ತಿಳಿಯದು.

ಆ ಮನುಷ್ಯನಿಂದ ನಾನು ಪಡೆದದ್ದು ಏನೆಂದು ಹೇಳುವುದು ಕಷ್ಟ. ಯಾರೂ ಇಲ್ಲದ ಊರಿನಲ್ಲಿ ನನಗೊಂದು ಬೆಂಚು ಸಿಕ್ಕಿತ್ತು, ಭಾನುವಾರಕ್ಕೆ ಕಾಯುವಂತಾಗಿತ್ತು. ಇತಿಹಾಸ ಪಾಠ ಮಾಡುವವಳು ನಾನು, ಆಗಿಹೋದದ್ದನ್ನು ಹೇಳುವುದು ನನ್ನ ಕೆಲಸ. ಇನ್ನೂ ಆಗದಿರುವುದರ ಕಡೆ ಮುಖ ಮಾಡಿ ಕೂರಲು ಕಲಿಸಿದವರು ಅವರೊಬ್ಬರೇ. ಅದರಿಂದ ಸುಖವಾಯಿತೆಂದು ಹೇಳಲಾರೆ.

ಕಳೆದ ಬೇಸಿಗೆಯಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದವಳು, ಬರುವಾಗ ಚನ್ನರಾಯಪಟ್ಟಣದಲ್ಲಿ ಇಳಿದು ಅಕ್ಕನನ್ನು ನೋಡಿದೆ. ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಣ್ಣು ಚೆನ್ನಾಗಿಯೇ ಇದೆ. ಕಾಫಿ ಆಯಿತು, ಕಾಲೇಜಿನ ವಿಷಯ ಆಯಿತು. ಮೊರವನ್ನೊಮ್ಮೆ ಅಲುಗಿಸಿ, “ಈಗ್ಲೂ ಪೇಪರ್‌ನಲ್ಲಿ ಅದನ್ನ ಹುಡುಕ್ತೀರಾ?” ಎಂದರು.

“ಹೂಂ ಅಕ್ಕ. ಅಭ್ಯಾಸ ಆಗ್ಬಿಟ್ಟಿದೆ.”

“ಏನಾದ್ರೂ ಬಂತಾ?”

“ಇಲ್ಲ.”

ಅವರು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದರು. “ಬಂದ್ರೆ ನನಗೆ ಹೇಳ್ಬೇಡಿ ಕಣ್ರೀ,” ಎಂದರು. “ಗೌಡ್ರಿಗೂ ಹೇಳಿರಿ, ನನ್ನ ಹತ್ರ ಆ ಸುದ್ದಿ ತರ್ಬಾರ್ದು ಅಂತ.”

ಆಗಲಿ ಅಕ್ಕ ಎಂದೆ. ಗೌಡರಿಗೂ ಹೇಳಿದೆ. ಆ ಮಾತು ಉಳಿಸಿಕೊಳ್ಳಲು ನಮ್ಮಿಬ್ಬರಿಗೂ ಇದುವರೆಗೆ ಕಷ್ಟವೇನೂ ಆಗಿಲ್ಲ.